ಬಸ್ ಸ್ಟ್ಯಾಂಡಿನ ಗೊಂಬೆ

ಬಟ್ಟೆ ಅಂಗಡಿಯವನ ಹೆಂಡತಿಗೆ ಮದುವೆಯಾದಾಗಿನಿಂದ ಒಂದೇ ಭಯ: ತನಗೊಬ್ಬಳು ಅಕ್ಕ ಇದ್ದಳೆಂಬುದು ಗಂಡನಿಗೆ ಗೊತ್ತಾಗಿಬಿಟ್ಟರೆ! ಅಕ್ಕನಿಗೆ ಬುದ್ಧಿ ಕೊಂಚ ಮಂದ. ತಾಯಿ ಸತ್ತ ಮೇಲೆ ತಂಗಿಗೆ ಜಡೆ ಹೆಣೆದು, ತುತ್ತು ತಿನ್ನಿಸಿ ಸಾಕಿದವಳು ಅವಳೇ. ಆದರೇನು, ಸಂಬಂಧ ಕುದುರುವ ಹೊತ್ತಿಗೆ ಅಂಥವಳು ಮನೆಯಲ್ಲಿ ಇರಕೂಡದಲ್ಲ! ತಂಗಿ ಅವಳನ್ನು ಕೈಹಿಡಿದು ಕರೆದೊಯ್ದು, ಬೋರ್ಡು ಕೂಡ ನೋಡದೆ ಯಾವುದೋ ದೂರದ ಬಸ್ಸು ಹತ್ತಿಸಿದಳು.

"ಕೊನೇ ಸ್ಟಾಪಲ್ಲಿ ಇಳಿದು ಕೂತಿರಕ್ಕ. ಹಿಂದೆ ಬರೋ ಬಸ್ಸಲ್ಲೇ ಬರ್ತೀನಿ."

ಅಪ್ಪನಿಗೆ ಮಾತ್ರ, ಸಂತೆಯಲ್ಲಿ ಕೈತಪ್ಪಿಹೋದಳು ಎಂದಳು. ಅಪ್ಪ ಅಲ್ಲಿ ಇಲ್ಲಿ ಹುಡುಕಿದ. ಆಮೇಲೆ ಅವನಿಗೂ ನಿರಾಳವೇ ಆಯಿತು. ಬೀಗರಿಗೆ "ಒಬ್ಬಳೇ ಮಗಳು" ಎಂದ.

ಈಗ ಅವಳ ಮೊಮ್ಮಕ್ಕಳೇ ಶಾಲೆಗೆ ಹೋಗುತ್ತಿದ್ದರು. ಗಂಡಹೆಂಡತಿ ಪ್ರವಾಸ ಹೊರಟಿದ್ದಾಗ ಹೆಸರು ಕೇಳದ ಒಂದು ಸಣ್ಣ ಊರಿನಲ್ಲಿ ಬಸ್ಸಿನ ಟೈರು ಪಂಕ್ಚರ್ ಆಯಿತು. ಎದುರಿಗೇ "ನಮ್ಮೂರ ಇತಿಹಾಸ ಸಂಗ್ರಹಾಲಯ, ಪ್ರವೇಶ ಉಚಿತ" ಎಂಬ ಬೋರ್ಡು. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿಯವನು ಗಂಡ. ಹೆಂಡತಿಯನ್ನೂ ಎಳೆದುಕೊಂಡು ಒಳಗೆ ನುಗ್ಗಿದ. ಬಸ್ಸಿನಲ್ಲಿದ್ದ ಇನ್ನೂ ನಾಲ್ಕೈದು ಜನ ಹಿಂದೆ ಬಂದರು.

ಮೂರು ಕೋಣೆ. ತುಕ್ಕು ಹಿಡಿದ ತಕ್ಕಡಿ, ಕ್ಷೌರದ ಕುರ್ಚಿ, ಬಿರುಕು ಬಿಟ್ಟ ಶಾಲೆಯ ಗಂಟೆ. ಎಲ್ಲವನ್ನೂ ತೋರಿಸುತ್ತಿದ್ದವನು ರಿಟೈರಾದ ಬಸ್ ಕಂಡಕ್ಟರ್. ರೈಟ್ ರೈಟ್ ಎಂದು ಕೂಗಿ ಕೂಗಿ ಅವನಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು.

ಕೊನೆಯ ಕೋಣೆಯಲ್ಲಿ ಸಿಮೆಂಟಿನ ಬೆಂಚಿನ ಮೇಲೊಂದು ಗೊಂಬೆ. ತಲೆ ತಗ್ಗಿಸಿ ಕೂತ ಮುದುಕಿ, ಮಡಿಲಲ್ಲಿ ಬಟ್ಟೆಯ ಗಂಟು.

"ಇವಳೇ ನಮ್ಮೂರ ಆಸ್ತಿ!" ಎಂದ ಕಂಡಕ್ಟರ್. "ಯಾವುದೋ ಬಸ್ಸಲ್ಲಿ ಬಂದು ಇಳಿದ್ಲು. ಏಳಮ್ಮ ಅಂದ್ರೆ ಏಳಲ್ಲ. ತಂಗಿ ಬರ್ತಾಳೆ, ಕೂತಿರು ಅಂದಿದಾಳೆ, ಅಂತಾಳೆ. ತಲೆ ನರೆಯೋ ತನಕ ಬಸ್ ಸ್ಟ್ಯಾಂಡ್ ಬೆಂಚಲ್ಲೇ ಕೂತಿದ್ಲು ಸಾರ್. ಬೇಜಾರಾದಾಗ ನಾವು ಕಂಡಕ್ಟರುಗಳು 'ಬಂದ್ಲು ನೋಡೇ ನಿನ್ ತಂಗಿ!' ಅಂತ ಕೂಗೋದು. ಗಂಟು ಎತ್ಕೊಂಡು ಓಡೋಡಿ ಬಂದು ಒಂದೊಂದು ಕಿಟಕೀನೂ ಇಣುಕೋಳು. ಬಸ್ಸಲ್ಲಿದ್ದೋರೆಲ್ಲ ಬಿದ್ದು ಬಿದ್ದು ನಗೋರು. ದಿನಾ ಮೋಸಹೋದ್ರೂ ದಿನಾ ಓಡಿ ಬರೋಳು! ಸತ್ತಾಗ ಮುಖದ ಮೇಲೇ ಗಾರೆ ಮೆತ್ತಿ ಅಚ್ಚು ತೆಗೆಸಿದ್ವಿ. ಒಂಚೂರೂ ಆಚೀಚೆ ಇಲ್ಲ."

ಆಚೀಚೆ ಇರಲಿಲ್ಲ, ನಿಜ. ಹೆಂಡತಿ ಒಂದೇ ನೋಟಕ್ಕೆ ಅಕ್ಕನ ಗುರುತು ಹಿಡಿದಳು. ಅಕ್ಕ ಎಲ್ಲೋ ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡು ಸುಖವಾಗಿದ್ದಾಳೆ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ನಿದ್ದೆಮಾಡಿದವಳು ಅವಳು.

ಗಂಡ ಬಗ್ಗಿ ಗೊಂಬೆಯನ್ನು ನೋಡಿ ಗಹಗಹಿಸಿ ನಕ್ಕ. "ಲೇ, ಮೂಗು ನೋಡೇ, ಥೇಟ್ ನಿಂದೇ! ಕಳೆದುಹೋದ ನೆಂಟರು ಯಾರಾದ್ರೂ ಇದಾರೇನೇ?"

ಎಲ್ಲರೂ ಒಮ್ಮೆ ಗೊಂಬೆಯನ್ನು, ಒಮ್ಮೆ ಅವಳನ್ನು ನೋಡಿದರು. ಕಂಡಕ್ಟರ್‌ಗೆ ಹುರುಪೇರಿತು. "ಹಂಗಾದ್ರೆ ನೀವೇ ಕೂಗಿ ಅಮ್ಮಾ! ಇಲ್ಲಿಗೆ ಬಂದೋರೆಲ್ಲ ಒಂದ್ಸಲ ತಂಗಿ ಬಂದ್ಲು ಅಂತ ಕೂಗೋದು ನಮ್ಮಲ್ಲಿ ಪದ್ಧತಿ. ನಾನು ಹಗ್ಗ ಎಳೀತೀನಿ, ತಲೆ ಎತ್ತಿ ನೋಡ್ತಾಳೆ."

ಆ ಕಾಲು ಹಿಡಿದು ಅಳಬೇಕೆನಿಸಿತು ಅವಳಿಗೆ, ಅದು ಸುಳ್ಳಲ್ಲ. ಆದರೆ ಅತ್ತರೆ ಮುಗಿಯಿತು, ಕೂಗುವುದಿಲ್ಲ ಎಂದರೆ ಯಾಕೆ ಎಂದು ಗಂಡ ಕೇಳುತ್ತಾನೆ. ಅವಳ ಬುದ್ಧಿ ಮೊದಲಿನಿಂದಲೂ ಚುರುಕು.

"ಅಕ್ಕಾ, ನಾನು ಕಣೇ. ಬಂದಿದೀನಿ," ಎಂದಳು. ದನಿ ತಾನಾಗಿಯೇ ಒಡೆಯಿತು.

ಕಿರ್ರೆಂದು ಗೊಂಬೆ ತಲೆ ಎತ್ತಿತು. ಬಣ್ಣದ ಕಣ್ಣು ನೇರ ಅವಳ ಮೇಲೆ ಬಿತ್ತು. ಆಮೇಲೆ ಕೋಣೆಯೆಲ್ಲ ಚಪ್ಪಾಳೆ, ನಗು.

"ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ ಬಿಡಿ!" ಎಂದ ಕಂಡಕ್ಟರ್, ಹಗ್ಗ ಸಡಿಲ ಬಿಡುತ್ತ.

"ಏನು ಆಕ್ಟಿಂಗೇ ನಿಂದು!" ಗಂಡ ಮೊಬೈಲು ತೆಗೆದ. "ಇನ್ನೊಂದ್ಸಲ ಹೇಳು. ಪಕ್ಕದಲ್ಲೇ ಕೂತ್ಕೋ. ಮೂಗಿಗೆ ಮೂಗು ತೋರಿಸಿ ಮಕ್ಕಳಿಗೆಲ್ಲ ಕಳಿಸೋಣ."

ಪಕ್ಕದಲ್ಲಿ! ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಕ್ಕೂ ನಕ್ಕೂ ನೀರೇ ಬಂತು ರೀ," ಎಂದಳು. "ನನ್ನ ಮುಖ ಬೇಡ. ಅವಳದೊಂದೇ ಹಿಡೀರಿ."

ಹೋಗಿ ಗಂಡನ ಬೆನ್ನ ಹಿಂದೆ, ಬಾಗಿಲ ಮರೆಯಲ್ಲಿ ನಿಂತುಕೊಂಡಳು. ಅಲ್ಲಿಂದಲೇ ಈ ಸಲ ದನಿ ಒಡೆಯದಂತೆ, ಎಲ್ಲರಿಗಿಂತ ಜೋರಾಗಿ ನಗುತ್ತ ಕೂಗಿದಳು. ಕಂಡಕ್ಟರ್ ಹಗ್ಗ ಎಳೆದ. ಅಕ್ಕ ತಲೆ ಎತ್ತಿ, ತಂಗಿ ಮೊದಲು ನಿಂತಿದ್ದ ಖಾಲಿ ಜಾಗವನ್ನೇ ನೋಡಿದಳು.