ಇಳಿಯದ ಮುಳ್ಳು

ರಾಗಿ ಕೊಯ್ಲು ಮುಗಿದು ಹುರುಳಿ ಕೀಳುವ ಕಾಲ. ಹುಣಸಮಾರನಹಳ್ಳಿಯ ಒಳರಸ್ತೆಯ ಉದ್ದಕ್ಕೂ ಹೆಂಗಸರು ಹುರುಳಿ ಗಿಡ ಹರವಿದ್ದರು. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಬೇಕು. ರಸ್ತೆಬದಿಯ ತನ್ನ ಗ್ಯಾರೇಜಿನಲ್ಲಿ ಬೈರಣ್ಣ ಬೆಳಗಿನಿಂದ ಒಂದು ಟೆಂಪೋಗೆ ಕ್ಲಚ್ ಪ್ಲೇಟ್ ಕೂರಿಸುತ್ತಿದ್ದ. ಶೇಖರಪ್ಪನವರ ಬಿಳಿ ಕಾರು ಹುರುಳಿಯ ಮೇಲೆ ಮೆಲ್ಲಗೆ ಹಾದು ಬಂದು ನಿಂತಾಗ ಅವನಿಗೆ ಮುಜುಗರವಾಯಿತು. ಹದಿನೈದು ದಿನದ ಹಿಂದೆ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿ, ತಾನೇ ಓಡಿಸಿ ನೋಡಿ, ಸರಿಯಾಯಿತು ಎಂದು ಕಳಿಸಿದ್ದ.

"ಮತ್ತ ಅದ ರೋಗ ನೋಡ್ರಿ ಬೈರಣ್ಣ," ಎಂದರು ಶೇಖರಪ್ಪ.

"ಇದೇನ್ ಯಜಮಾನ್ರೇ, ನಾನ್ ಓಡ್ಸುದ್ರೆ ಸುಮ್ಕಿರ್ತದೆ, ನಿಮ್ ಕೈಗೆ ಬಂದ್ರೆ ಆಟ ಆಡ್ತದೆ."

"ಹೊಸಾ ಸೊಸಿ ಇದ್ದಂಗ. ಮಂದಿ ಮುಂದ ಭಾಳ ಚಲೋ."

ಇಬ್ಬರೂ ಸ್ವಲ್ಪ ನಕ್ಕರು.

ಬೈಲಹೊಂಗಲದ ಕಡೆಯ ಶೇಖರಪ್ಪ ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಟಿ. ದಾಸರಹಳ್ಳಿಯಲ್ಲಿದ್ದರು. ಹೆಂಡತಿ ಪಾರವ್ವ ತೀರಿಕೊಂಡದ್ದು ಆಷಾಢದಲ್ಲಿ. ಅವಳು ಕೊನೆಯ ಸಲ ಮನೆ ಬಿಟ್ಟು ಹೊರಟದ್ದು ಇದೇ ಕಾರಿನಲ್ಲಿ. ಈಗ ಅದರ ಗೇರ್‌ಬಾಕ್ಸ್ ಕೆಟ್ಟಿದೆ, ರಿಪೇರಿ ದಂಡ ಎಂದು ಎರಡು ಗ್ಯಾರೇಜಿನವರು ಹೇಳಿದ್ದರು. ಮಗ ಶರಣು ಗಿರಾಕಿಯನ್ನೂ ಹುಡುಕಿದ್ದ. ಭಾನುವಾರ ಆ ಮನುಷ್ಯ ಬೈರಣ್ಣನ ಗ್ಯಾರೇಜಿಗೇ ಬಂದು ಗಾಡಿ ಒಯ್ಯುವವನಿದ್ದ.

ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಕಾರು ಅದು. ಇಂಜಿನ್ನಿನ ಸುತ್ತು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟುತ್ತದೆ. ಗಾಡಿ ಒಂದೇ ಹದದಲ್ಲಿ ಓಡತೊಡಗಿದರೆ ಒಳಗಿನ ಒಂದು ತಟ್ಟೆ ಎರಡನ್ನೂ ಕಚ್ಚಿ ಹಿಡಿದು ಒಟ್ಟಿಗೆ ತಿರುಗಿಸುತ್ತದೆ, ಲಾಕಪ್ ಎನ್ನುತ್ತಾರೆ. ಆಗ ಇಂಜಿನ್ ವೇಗದ ಮುಳ್ಳು ತುಸು ಕೆಳಗಿಳಿಯಬೇಕು. ಶೇಖರಪ್ಪನವರ ಗಾಡಿಯಲ್ಲಿ ಇಳಿಯುತ್ತಿರಲಿಲ್ಲ. ಎಣ್ಣೆ ಕಾದು ಕಪ್ಪಾಗುತ್ತಿತ್ತು, ಪೆಟ್ರೋಲ್ ಸುಮ್ಮನೆ ಹೋಗುತ್ತಿತ್ತು.

"ಇವತ್ತು ನೀವೇ ಓಡ್ಸಿ. ನಾನ್ ಪಕ್ಕ ಕೂತ್ಕೋತೀನಿ," ಎಂದ ಬೈರಣ್ಣ.

ಗಾಡಿಯ ದೋಷ ತೋರಿಸುವ ಸ್ಕ್ಯಾನರ್ ಸಿಕ್ಕಿಸಿ ತೊಡೆಯ ಮೇಲಿಟ್ಟುಕೊಂಡ. ಏರ್‌ಪೋರ್ಟ್ ರಸ್ತೆ ಹತ್ತಿ ದೇವನಹಳ್ಳಿಯ ಕಡೆ ಹೋದರು. ರಸ್ತೆ ಖಾಲಿಯಿತ್ತು, ವೇಗ ಒಂದೇ ಹದಕ್ಕೆ ಬಂತು. ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ಸ್ಕ್ಯಾನರಿನಲ್ಲಿ ನೋಡಿದರೆ, ಬ್ರೇಕ್ ಒತ್ತಿದೆ ಎಂದು ತೋರಿಸುತ್ತಿತ್ತು. ಬ್ರೇಕ್ ಮುಟ್ಟಿದರೆ ತಟ್ಟೆ ಹಿಡಿತ ಬಿಟ್ಟುಬಿಡುತ್ತದೆ. ಅದರ ಗುಣವೇ ಹಾಗೆ. ಪೆಡಲಿನ ಸ್ವಿಚ್ ಕೈಕೊಟ್ಟಿರಬೇಕೆಂದು ಬೈರಣ್ಣ ಬಗ್ಗಿ ನೋಡಿದ.

ಶೇಖರಪ್ಪನವರ ಬಲಗಾಲು ಪೆಟ್ರೋಲಿನ ಪೆಡಲ್ ಮೇಲಿತ್ತು. ಎಡಗಾಲು ಚಪ್ಪಲಿ ಬಿಟ್ಟು ಬ್ರೇಕಿನ ಮೇಲಿತ್ತು. ಒತ್ತಿರಲಿಲ್ಲ, ಆದರೆ ಸ್ವಿಚ್ಚಿಗೆ ಕಾಲಿನ ಭಾರವೇ ಸಾಕಾಗಿತ್ತು. ನಿದ್ದೆ ಹೋದ ಕೂಸಿನ ಬೆನ್ನ ಮೇಲೆ ಕೈಯಿಟ್ಟ ಹಾಗೆ ಸುಮ್ಮನೆ ಇಟ್ಟಿದ್ದರು.

"ಯಜಮಾನ್ರೇ, ಎಡಗಾಲು ಬ್ರೇಕ್ ಮೇಲ್ ಮಡ್ಗಿದ್ದೀರಲ್ಲ."

ಶೇಖರಪ್ಪ ಕೆಳಗೆ ನೋಡಿಕೊಂಡರು. ಯಾರದೋ ಕಾಲು ನೋಡಿದಂತಿತ್ತು ಅವರ ಮುಖ.

"ಯಾವಾಗ್ಲಿಂದ ಇಂಗೆ?"

ಶೇಖರಪ್ಪ ಕಣ್ಣೆತ್ತಿ ರಸ್ತೆ ನೋಡಿದರು.

"ಆಕೀಗೆ ಬೆನ್ನೆಲುಬಿಗೆ ಕ್ಯಾನ್ಸರ್ ಬಂದಿತ್ರೀ. ದಿನಾ ಕರೆಂಟ್ ಕೊಡಸಾಕ ದವಾಖಾನಿಗೆ ಕರಕೊಂಡು ಹೋಗಬೇಕಿತ್ತು. ಸ್ವಲ್ಪ ಜರ್ಕ್ ಆದ್ರೂ ಜೀವಾ ಹೋದಂಗ ಮಾಡಾಕಿ. ಬಲಗಾಲು ಅಲ್ಲಿಂದ ಬ್ರೇಕಿಗೆ ತರೂದ್ರಾಗ ಹಂಪ್ ಬಂದ ಬಿಡತಿತ್ತು. ಅದಕ್ಕ ಈ ಕಾಲು ಇಲ್ಲೇ ಇಟಗೊಂಡಿರತಿದ್ದೆ." ಮತ್ತೊಮ್ಮೆ ಕಾಲಿನ ಕಡೆ ನೋಡಿದರು. "ಇನ್ನೂ ಐತೇನು ಅದು? ನನಗ ಗೊತ್ತಿಲ್ಲ ನೋಡ್ರಿ."

"ತೆಗೀರಿ, ನೋಡಾನ."

ಶೇಖರಪ್ಪ ಎಡಗಾಲನ್ನು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಇಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಮುಳ್ಳು ಮೆಲ್ಲಗೆ ಇಳಿಯಿತು. ಇಂಜಿನ್ನಿನ ಸದ್ದು ತಗ್ಗಿತು.

"ಗಾಡೀಗ್ ಏನೂ ಆಗಿಲ್ಲ," ಎಂದ ಬೈರಣ್ಣ. ಅವನ ದನಿಯಲ್ಲಿ ಗೆಲುವಿರಲಿಲ್ಲ.

ತಿರುಗಿಸಿಕೊಂಡು ಸರ್ವಿಸ್ ರಸ್ತೆಗೆ ಇಳಿದರು. ಶಾಲೆಯ ಮುಂದೆ ಬಣ್ಣ ಹೊಡೆಯದ ಹಂಪೊಂದಿತ್ತು. ಬಲಗಾಲು ಬ್ರೇಕಿಗೆ ಬರುವಷ್ಟರಲ್ಲಿ ಗಾಡಿ ಅದರ ಮೇಲೆ ಹಾರಿ ಬಿತ್ತು. ಶೇಖರಪ್ಪನವರ ಎಡಗೈ ಚಾಚಿಕೊಂಡು ಬೈರಣ್ಣನ ಎದೆಗೆ ಅಡ್ಡ ಬಂತು.

"ನೋವಾತೇನ?"

ಕೇಳಿದ ಮೇಲೆ ಯಾರನ್ನು ಕೇಳಿದೆನೆಂದು ಅವರಿಗೆ ತಿಳಿಯಿತು. ಕೈ ಹಾಗೆಯೇ ಇತ್ತು.

"ಇಲ್ಲ," ಎಂದ ಬೈರಣ್ಣ.

ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿ ಶೇಖರಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಕೂತರು. ಒಂದು ಹಾಲಿನ ವ್ಯಾನು ಹಾರ್ನ್ ಹೊಡೆದು ಪಕ್ಕದಿಂದ ಹೋಯಿತು. ಆಮೇಲೆ ಅವರು ಇಳಿದು, ಬಾನೆಟ್ ಹಿಡಿದುಕೊಂಡು ಸುತ್ತು ಹಾಕಿ ಬಂದು, ಬೈರಣ್ಣನ ಕಡೆಯ ಬಾಗಿಲು ತೆಗೆದರು.

"ನೀವ ನಡಸ್ರಿ. ನಾ ಇಲ್ಲಿ ಕೂಡತೀನಿ."

ಬೈರಣ್ಣ ಇಳಿದು ಜಾಗ ಬಿಟ್ಟ. ಹೆಂಡತಿ ಕೂರುತ್ತಿದ್ದ ಸೀಟಿನಲ್ಲಿ ಶೇಖರಪ್ಪ ಒರಗಿಕೊಂಡು, ಬೆಲ್ಟ್ ಎಳೆದು ಹಾಕಿಕೊಂಡು ಕಣ್ಣು ಮುಚ್ಚಿದರು.

"ಭಾನುವಾರ ಬರೋರ್ಗೆ ಏನೇಳ್ಲಿ ಯಜಮಾನ್ರೇ?"

"ಬರೂದು ಬ್ಯಾಡ ಅನ್ರಿ."

ಬೈರಣ್ಣ ಗಾಡಿ ಮುಂದಕ್ಕೆ ಬಿಟ್ಟ. ಮುಂದಿನ ಹಂಪು ಇನ್ನೂ ದೂರದಲ್ಲಿರುವಾಗಲೇ ನಿಧಾನ ಮಾಡಿದ.