ಜೀಪಿನಡಿಯ ಪ್ಲೇಟು

ಗುಂಡ್ಲುಪೇಟೆಯ ನನ್ನ ವೆಲ್ಡಿಂಗ್ ಅಂಗಡಿಗೆ ತೆರಕಣಾಂಬಿಯ ಗೆಳೆಯ ಸುಧಾಕರ್ ಆಯುಧಪೂಜೆ ಕಳೆದು ತಿಂಗಳ ಮೇಲೆ ಜೀಪು ತಂದ. ಕಲ್ಲು ಬಡಿಯದಂತೆ ಇಂಜಿನ್ನಿನ ಕೆಳಗೆ ಕಬ್ಬಿಣದ ಪ್ಲೇಟು ಬೇಕಂತೆ. ಮೂರು ತರದ್ದನ್ನು ಮುಂದಿಟ್ಟು, ಬಾಗಿಲ ಕೆಳಗೆ ಗಟ್ಟಿ ಪೈಪನ್ನೂ ಕೂರಿಸಿಕೊಡುತ್ತೇನೆ ಎಂದೆ. ಸುಮ್ಮನೆ ಮಾತಾಡುತ್ತಲೇ ಇದ್ದೆ. ಅವನ ಮುಖ ನೋಡುವ ಧೈರ್ಯವಿರಲಿಲ್ಲ.

ಅವನ ಹಳೆಯ ಪ್ಲೇಟು ಇನ್ನೂ ನನ್ನ ಗೋಡೆಗೇ ಒರಗಿತ್ತು. ಆಯುಧಪೂಜೆಗೆಂದು ಅದನ್ನು ಬಿಚ್ಚಿ, ತೊಳೆದು, ಬಣ್ಣ ಹೊಡೆದವನು ನಾನೇ. ಪೂಜೆಯ ಸಂಜೆ ಅವನು ಕೇಳಲು ಬಂದಾಗ, "ಬಣ್ಣ ಒಣಗ್ಲಿ ಬುಡ್ಲಾ, ನಾಳಿದ್ದು ಹಾಕನ" ಅಂದ ಮುಂಡೇದೂ ನಾನೇ. ಮರುದಿನ ಹೊಲದಲ್ಲಿ ಚೆಂಡುಹೂ ಕೀಳುತ್ತಿದ್ದ ಅವನ ಹೆಂಡತಿ ಸಿಂಧುವಿಗೆ ಹಾವು ಕಚ್ಚಿತು. ಆಸ್ಪತ್ರೆಗೆಂದು ಗಾಡಿಜಾಡಿನಲ್ಲಿ ಓಡಿಸುವಾಗ ಕಲ್ಲು ಬಡಿದು ಜೀಪಿನ ಆಯಿಲ್ ಚೇಂಬರ್ ಒಡೆಯಿತು. ಇಂಜಿನ್ ನಿಂತಿತು. ಅವಳು ಅಲ್ಲೇ, ಸೀಟಿನಲ್ಲೇ ತೀರಿಕೊಂಡಳು.

ಸುಧಾಕರ್ ಹೊಸದೊಂದನ್ನೂ ಮುಟ್ಟಲಿಲ್ಲ. ಗೋಡೆಗೆ ಒರಗಿದ್ದ ಹಳೆಯದನ್ನೇ ಎತ್ತಿ ತಂದ.

"ಇದನ್ನೇ ಹಾಕ್ಲಾ."

ನಾನು ಬೋಲ್ಟಿನ ಡಬ್ಬಕ್ಕೆ ಕೈ ಹಾಕಿದೆ.

"ಬೋಲ್ಟ್ ಬ್ಯಾಡ. ವೆಲ್ಡ್ ಮಾಡ್ಬುಡು."

"ಆಮೇಲೆ ಬಿಚ್ಚಕ್ಕಾಗಕಿಲ್ಲ ಕಣ್ಲಾ."

"ಊಂ," ಅಂದ. "ನೀನು ಬಿಚ್ಚಬಾರ್ದು ಅಂತ್ಲೇ."