ಹನ್ನೆರಡು ರೂಪಾಯಿಯ ಗಂಟೆ

ಗುಂಡ್ಲುಪೇಟೆಯ ಪಾತ್ರೆ ಅಂಗಡಿ ಮರಿಮಲ್ಲಪ್ಪನಿಗೆ ಸಿಟ್ಟಿದ್ದದ್ದು ಸರ್ಕಾರದ ಮೇಲಲ್ಲ, ತನ್ನ ನಾಲಿಗೆಯ ಮೇಲೆ. ಹೋದ ವಾರ ತೆರಕಣಾಂಬಿಯ ಕೆಂಪಯ್ಯ ಬಂದು ಕಂಚಿನ ಗಂಟೆಗೆ ಎಷ್ಟು ಎಂದು ಕೇಳಿದಾಗ ಹನ್ನೆರಡು ರೂಪಾಯಿ ಎಂದುಬಿಟ್ಟಿದ್ದ. ಅದರ ಮೇಲೆ ರೂಪಾಯಿಗೆ ಮೂರು ಕಾಸಿನಂತೆ ಮಾರಾಟ ತೆರಿಗೆ ಸೇರಿಸಬೇಕೆಂಬುದು, ಹಾಳಾದ್ದು, ಆಗ ನೆನಪಾಗಲೇ ಇಲ್ಲ. ಕೇಳುವವರಿಲ್ಲದೆ ವರ್ಷಗಟ್ಟಲೆ ತೂಗಾಡುತ್ತಿದ್ದ ಗಂಟೆಗೆ ಗಿರಾಕಿ ಸಿಕ್ಕರೆ ಯಾರಿಗೆ ತಾನೆ ತೆರಿಗೆ ನೆನಪಾದೀತು?

ಈಗ ಕೆಂಪಯ್ಯ ಬೆಳಿಗ್ಗೆಯೇ ಬಂದು, ಅರಿಸಿನದ ಬಟ್ಟೆಯ ಮುಡಿಪನ್ನು ಮುಂದಿಟ್ಟುಕೊಂಡು ಕೂತಿದ್ದ. ಮಗಳು ಜ್ವರದಿಂದ ಉಳಿದದ್ದಕ್ಕೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊತ್ತ ಹರಕೆ. ಮುಡಿಪಿನಲ್ಲಿ ಹನ್ನೆರಡು ರೂಪಾಯಿ ಇತ್ತು, ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ.

“ತೆರಿಗೆ ಅಂತ ಇನ್ನೂ ಮೂರಾಣೆ ಆಯ್ತದೆ ಕೆಂಪಯ್ಯ.”

“ಕಟ್ಟಿದ್ ಮುಡಿಪ್ಗೆ ಬ್ಯಾರೆ ಕಾಸು ಬೆರಸಂಗಿಲ್ಲ ಬುದ್ದಿ.”

“ಓಗ್ಲಿ ಬುಡು, ಆ ಮೂರಾಣೆ ನಾನೇ ಕಟ್ಕತೀನಿ.”

“ಅಂಗಾದ್ರೆ ಅರಕೆಲಿ ನಿಮ್ದೂ ಪಾಲಾಯ್ತದೆ. ಬ್ಯಾಡಿ.”

ಮರಿಮಲ್ಲಪ್ಪ ಹಲ್ಲು ಕಚ್ಚಿಕೊಂಡು ಬಳಪ ಹಿಡಿದ. ಹಲಗೆಯ ಮೇಲೆ ಬರೆದ, ಉಗುಳು ಹಚ್ಚಿ ಒರೆಸಿದ, ಮತ್ತೆ ಬರೆದ. ಕೊನೆಗೆ ದಾರಿ ಸಿಕ್ಕಿತು. ಗಂಟೆಯ ಬೆಲೆ ಹನ್ನೊಂದು ರೂಪಾಯಿ ಹದಿಮೂರಾಣೆ. ಹನ್ನೊಂದು ರೂಪಾಯಿಗೆ ತೆರಿಗೆ ಮೂವತ್ತಮೂರು ಕಾಸು. ಹದಿಮೂರಾಣೆಗೆ ಎರಡು ಕಾಸಿನ ಮೇಲೆ ಚೂರು, ಮೂರೆಂದೇ ಹಿಡಿಯೋಣ. ಒಟ್ಟು ಮೂವತ್ತಾರು ಕಾಸು, ಅಂದರೆ ಮೂರಾಣೆ. ಎಲ್ಲ ಸೇರಿ ಹನ್ನೆರಡು!

ಕೆಂಪಯ್ಯ ತಲೆಯಾಡಿಸಿದ. “ಓದ್ ವಾರ ಅನ್ನೆರಡು ಅಂದ್ರಿ. ಈಗ ಇಳ್ಸುದ್ರೆ ದೇವ್ರ್ ಸಾಮಾನ್ಗೆ ಚೌಕಾಸಿ ಮಾಡ್ದಂಗಾಯ್ತದೆ.”

ಗಿರಾಕಿ ಚೌಕಾಸಿ ಮಾಡಿ ಪ್ರಾಣ ತಿನ್ನುವುದನ್ನು ಮರಿಮಲ್ಲಪ್ಪ ಕಂಡಿದ್ದ. ಮಾಡದೆ ತಿನ್ನುವವನನ್ನು ಕಂಡದ್ದು ಇದೇ ಮೊದಲು. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಸುಳ್ಳು ಬಂತು.

“ಓದ್ ವಾರಾನೂ ತೆರಿಗೆ ಸೇರ್ಸೇ ಏಳಿದ್ದು ಕಣಯ್ಯ! ಈಗ ಮರ್ತು ಎಲ್ಡ್ನೇ ಸಲ ಆಕ್ಬುಟ್ಟೆ, ಅಷ್ಟೇ.”

“ಅಂಗಾ?” ಕೆಂಪಯ್ಯನ ಮುಖ ಅರಳಿತು. “ಅಂಗಾದ್ರೆ ಆ ಗಂಟೆ ಬಾರ್ಸಿ ಸತ್ಯ ಮಾಡ್ಬುಡಿ ಬುದ್ದಿ.”

ಮರಿಮಲ್ಲಪ್ಪನ ಕೈ ಗಂಟೆಯ ನಾಲಗೆಯವರೆಗೂ ಹೋಯಿತು. ದೇವರ ಹೆಸರಿನ ಗಂಟೆ. ಮನೆಯಲ್ಲಿ ತನಗೂ ಮಕ್ಕಳಿವೆ. ಕೈ ಕೆಳಗಿಳಿಯಿತು.

ಕೆಂಪಯ್ಯ ಮುಡಿಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದ. “ಚಾಮರಾಜನಗರದಲ್ಲಿ ನೋಡ್ತೀನಿ, ಬಸ್ ಬರೋ ಒತ್ತಾಯ್ತು” ಎಂದು ಮೆಟ್ಟಿಲಿಳಿದ.

ಹೋಯಿತು. ಮೂರಾಣೆಗೆ ಹನ್ನೆರಡು ರೂಪಾಯಿ ಹೋಯಿತು! ಮರಿಮಲ್ಲಪ್ಪನಿಗೆ ತಡೆಯಲಾಗಲಿಲ್ಲ. “ನಿನ್ ಮನೆ ಆಳಾಗ!” ಎಂದು ಎದುರಿಗಿದ್ದ ಗಂಟೆಗೆ ರಪ್ಪನೆ ಒಂದೇಟು ಬಿಟ್ಟ. ಢಣ್ ಎಂದು ಇಡೀ ಪೇಟೆ ಬೀದಿಗೆ ಕೇಳಿಸಿತು.

ಓಡುವ ಹೆಜ್ಜೆಯ ಸದ್ದಾಯಿತು. ಬಾಗಿಲಲ್ಲಿ ಕೆಂಪಯ್ಯ ನಿಂತಿದ್ದ, ಕಣ್ಣಲ್ಲಿ ನೀರು.

“ಸತ್ಯ ಮಾಡ್ಬುಟ್ರಲ್ಲಾ ಬುದ್ದಿ! ತಪ್ಪಾಯ್ತು, ನಿಮ್ಮನ್ನ ಅನುಮಾನಿಸ್ಬುಟ್ಟೆ” ಎಂದು ಎರಡೂ ಕೈಯಲ್ಲಿ ಮುಡಿಪನ್ನು ಮುಂದಿಟ್ಟ.

ಮರಿಮಲ್ಲಪ್ಪ ಮುಡಿಪನ್ನು ತೆಗೆದುಕೊಂಡ. ಗಂಟೆ ಇನ್ನೂ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಆಮೇಲೆ ರಸೀದಿ ಬರೆದ: ಹನ್ನೊಂದು ರೂಪಾಯಿ ಹದಿಮೂರಾಣೆ, ತೆರಿಗೆ ಮೂರಾಣೆ. ಲೆಕ್ಕ ಕಾಸಿಗೆ ಕಾಸು ಸರಿಯಾಗಿತ್ತು.